ಮೊದಲ ಮೆಟಲ್ ಡಿಟೆಕ್ಟರ್: ಕೊಳ್ಳುವ ಮೊದಲು, ಕೊಂಡ ಮೇಲೆ

ಡಿಟೆಕ್ಟರ್ ಬಗ್ಗೆ ನನಗೆ ಬರುವ ಪ್ರಶ್ನೆಗಳು ಮೂರೇ ಮೂರು. ಚಿನ್ನವನ್ನು ಮಾತ್ರ ತೋರಿಸುವ ಮೆಷಿನ್ ಯಾವುದು? ಎಷ್ಟು ಅಡಿ ಆಳದವರೆಗೆ ಹಿಡಿಯುತ್ತದೆ? ಪೊಲೀಸರ ಕಾಟ ಇದೆಯಾ? ಉತ್ತರ ಮೊದಲೇ ಹೇಳಿಬಿಡುತ್ತೇನೆ. ಅಂಥ ಮೆಷಿನ್ ಇಲ್ಲ. ಅಡಿಗಳ ಲೆಕ್ಕ ಬಿಡಿ, ನಾಣ್ಯದ ಗಾತ್ರದ ವಸ್ತುವಾದರೆ ಹೆಚ್ಚೆಂದರೆ ಒಂದು ಗೇಣು. ಮೂರನೆಯದು ನೀವು ಎಲ್ಲಿ ಅಗೆಯುತ್ತೀರಿ ಎನ್ನುವುದರ ಮೇಲಿದೆ.

ಇಷ್ಟಕ್ಕೇ ಉತ್ಸಾಹ ಇಳಿದಿದ್ದರೆ ನಿಮ್ಮ ದುಡ್ಡು ಉಳಿಯಿತು. ಇಳಿಯದಿದ್ದರೆ ಮುಂದೆ ಓದಿ. ಅಂಗಳದಲ್ಲಿ ಕಳೆದ ಕಾಲುಂಗುರ, ಕಡಲ ದಂಡೆಯಲ್ಲಿ ಬೆರಳಿನಿಂದ ಜಾರಿದ ಉಂಗುರ, ಅಪ್ಪ ಹೂಳಿಸಿ ಮರೆತ ಜಿಐ ಪೈಪು, ಹುಲ್ಲಿನಲ್ಲಿ ಕಾಣೆಯಾದ ಕತ್ತಿ, ಮಿಲ್ಲಿಗೆ ಹೋಗುವ ದಿಮ್ಮಿಯೊಳಗಿನ ಹಳೇ ಮೊಳೆ, ಇವನ್ನೆಲ್ಲ ಒಂದು ಸಾಧಾರಣ ಡಿಟೆಕ್ಟರ್ ಚೆನ್ನಾಗಿ ಹುಡುಕಿಕೊಡುತ್ತದೆ. ನಿಧಿಗಾಗಿ ಕೊಳ್ಳುವವರಿಗೆ ಈ ಬರಹದಲ್ಲಿ ಒಂದನೇ ಹಂತವೊಂದೇ ಸಾಕು.

1. ಮೊದಲು ಜಾಗ, ಆಮೇಲೆ ಮೆಷಿನ್

ಎಲ್ಲಿ ಹುಡುಕುತ್ತೀರಿ ಎಂದು ನಿರ್ಧಾರವಾಗದೆ ಮೆಷಿನ್ ಆರಿಸಲು ಬರುವುದಿಲ್ಲ. ಸ್ವಂತ ತೋಟ, ಅಂಗಳ ಆದರೆ ಸರಿ. ಬೇರೆಯವರ ಜಮೀನಾದರೆ ಮಾಲೀಕರ ಒಪ್ಪಿಗೆ ಬೇಕು. ಬಾಯಿಮಾತು ಸಾಲದು, ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಸಿಕ್ಕಿದ್ದು ಯಾರದು ಎನ್ನುವ ಮಾತನ್ನೂ ಅಗೆಯುವ ಮೊದಲೇ ಆಡಿ ಮುಗಿಸಿ. ಸಾರ್ವಜನಿಕ ಕಡಲತೀರ, ಕೆರೆ ಅಂಗಳವಾದರೆ ಪಂಚಾಯಿತಿಯಲ್ಲೋ ಸ್ಥಳೀಯ ಠಾಣೆಯಲ್ಲೋ ಹೇಳಿ ಹೋಗುವುದು ಕ್ಷೇಮ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೋಲು ಆಡಿಸುತ್ತಾ ನೆಲ ಕೆದಕುವವನನ್ನು ನಮ್ಮೂರುಗಳಲ್ಲಿ ಯಾರೂ ಸುಮ್ಮನೆ ಬಿಡುವುದಿಲ್ಲ. ನಿಧಿಗಳ್ಳರು ಗುಡಿಯ ವಿಗ್ರಹ ಕಿತ್ತು ಹಾಕಿದ ಸುದ್ದಿಗಳನ್ನು ಓದಿ ಓದಿ ಬೇಸತ್ತಿರುವ ಜನರ ಅನುಮಾನ ನ್ಯಾಯವಾದದ್ದೇ.

ಕಾಲಿಡಲೇಬಾರದ ಜಾಗಗಳಿವೆ. ಹಂಪಿ, ಬಾದಾಮಿ, ಐಹೊಳೆ, ಹಳೇಬೀಡು ಮೊದಲಾದ ಸಂರಕ್ಷಿತ ಸ್ಮಾರಕಗಳಿಗೆ 1958ರ ಕೇಂದ್ರ ಕಾಯ್ದೆ ಇದೆ. ಅಲ್ಲಿ ಅನುಮತಿಯಿಲ್ಲದೆ ಅಗೆಯುವಂತಿಲ್ಲ. ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು 2010ರ ತಿದ್ದುಪಡಿ ಗುರುತಿಸಿದೆ. ಅದು ಮುಖ್ಯವಾಗಿ ಕಟ್ಟಡ ಕಾಮಗಾರಿಗೆ ಸಂಬಂಧಿಸಿದ ಮಾತು. ಆದರೂ ಹವ್ಯಾಸಿಯ ಲೆಕ್ಕಕ್ಕೆ ಆ ಮುನ್ನೂರು ಮೀಟರೂ ಬೇಡದ ಜಾಗವೇ. ಪಟ್ಟಿಯಲ್ಲಿಲ್ಲದ ಹಾಳು ಗುಡಿ, ಕೋಟೆ, ವೀರಗಲ್ಲಿನ ಸುತ್ತಲೂ ಹೋಗಬೇಡಿ. ನೀವು ಕಿತ್ತ ಒಂದು ಮೊಳೆಯೂ ಅಲ್ಲಿನ ಮಣ್ಣಿನ ಪದರವನ್ನು ಕಲಸಿ ಹಾಕುತ್ತದೆ. ಅದನ್ನು ಮತ್ತೆ ಯಾರೂ ಸರಿಮಾಡಲಾರರು.

ಸ್ವಂತ ಹಿತ್ತಲಲ್ಲೇ ಹಳೆಯ ನಾಣ್ಯಗಳ ಗಡಿಗೆ ಸಿಕ್ಕಿದರೆ? ಅದು ನಿಧಿ. ಬ್ರಿಟಿಷರ ಕಾಲದ 1878ರ ಕಾಯ್ದೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಬಾಳುವ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು ಎಂದಿತ್ತು. ನಮ್ಮ ರಾಜ್ಯಕ್ಕೆ 1962ರ ನಿಧಿ ಕಾಯ್ದೆ ಇದೆ. ಏನು ಸಿಕ್ಕಿತು, ಎಲ್ಲಿ, ಯಾವತ್ತು ಎಂದು ಬರೆದು ಜಿಲ್ಲಾಧಿಕಾರಿಗೆ ತಿಳಿಸಿ. ಉಳಿದದ್ದನ್ನು ಅಗೆಯದೆ ನಿಲ್ಲಿಸಿ. ಇದು ನನ್ನ ಜಾಗ ಎನ್ನುವ ವಾದ ನಡೆಯುವುದಿಲ್ಲ. ಮುಚ್ಚಿಟ್ಟರೆ ಸಿಗಬಹುದಾಗಿದ್ದ ಪಾಲೂ ಹೋಗುತ್ತದೆ, ಕೇಸೂ ಬೀಳುತ್ತದೆ. 1972ರ ಇನ್ನೊಂದು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತು. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ.

2. ಮೆಷಿನ್ ಒಳಗೆ ನಡೆಯುವುದೇನು

ಕೆಳಗಿನ ತಟ್ಟೆಗೆ ಕಾಯಿಲ್ ಎನ್ನುತ್ತಾರೆ. ಅದರೊಳಗೆ ತಂತಿಯ ಎರಡು ಸುರುಳಿಗಳಿವೆ. ಒಂದು ಸುರುಳಿ ನೆಲದೊಳಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ. ಅಲ್ಲಿ ಲೋಹ ಇದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ. ಆ ಸುಳಿಗಳು ತಮ್ಮದೇ ಕಾಂತಕ್ಷೇತ್ರವನ್ನು ವಾಪಸು ಕಳಿಸುತ್ತವೆ, ಎರಡನೇ ಸುರುಳಿ ಅದನ್ನು ಕೇಳಿಸಿಕೊಳ್ಳುತ್ತದೆ. ಕಳಿಸಿದ್ದಕ್ಕೂ ಬಂದದ್ದಕ್ಕೂ ಎಷ್ಟು ಹಿಂದುಮುಂದಾಗಿದೆ ಎಂದು ಅಳೆದು, ಪರದೆಯ ಮೇಲೆ ಒಂದು ಅಂಕಿ ತೋರಿಸುತ್ತದೆ. ಆ ಅಂಕಿಯನ್ನು ಟಾರ್ಗೆಟ್ ಐಡಿ ಎನ್ನುತ್ತಾರೆ.

ಇದರಲ್ಲಿ ಗಮನಿಸಬೇಕಾದ್ದು ಒಂದೇ. ಮೆಷಿನ್ನಿಗೆ ಚಿನ್ನ, ಬೆಳ್ಳಿ ಗೊತ್ತಿಲ್ಲ. ವಿದ್ಯುತ್ತು ಎಷ್ಟು ಸಲೀಸಾಗಿ ಹರಿಯಿತು, ವಸ್ತು ಎಷ್ಟು ದೊಡ್ಡದು ದಪ್ಪದು ಎನ್ನುವ ಎರಡನ್ನು ಕಲಸಿ ಒಂದು ಅಂಕಿ ಮಾಡುತ್ತದೆ, ಅಷ್ಟೆ. ಹಾಗಾಗಿ ತೆಳ್ಳನೆಯ ಚಿನ್ನದ ಉಂಗುರವೂ ಮಾತ್ರೆ ಪಟ್ಟಿಯ ಅಲ್ಯೂಮಿನಿಯಂ ಹಾಳೆಯೂ ಒಂದೇ ಅಂಕಿ ಕೊಡಬಹುದು. ಕಸ ಬೇಡವೆಂದು ಆ ಅಂಕಿಯನ್ನು ಮುಚ್ಚಿದಿರೋ, ಉಂಗುರವನ್ನೂ ಮುಚ್ಚಿದಂತೆ.

3. ಯಾವುದನ್ನು ಕೊಳ್ಳಬೇಕು

ಹವ್ಯಾಸಿಗಳ ನಡುವೆ ಮೊದಲ ಮೆಷಿನ್ ಎಂದು ಹೆಸರಾದವು ಮೂರು ಮನೆತನಗಳು. ಅಮೆರಿಕದ ಗ್ಯಾರೆಟ್ ಕಂಪನಿಯ ಏಸ್ 200, 300, 400. ಟರ್ಕಿಯ ನೊಕ್ಟಾದ ಸಿಂಪ್ಲೆಕ್ಸ್. ಆಸ್ಟ್ರೇಲಿಯಾದ ಮೈನ್‌ಲ್ಯಾಬ್‌ನ ವ್ಯಾಂಕ್ವಿಶ್ 340, 440, 540.

ಬರೀ ಅಂಗಳ, ತೋಟ ಎಂದಾದರೆ ಏಸ್ ಸಾಕು. ಏಸ್ 200ರಲ್ಲಿ ಅಂಕಿ ಬರುವುದಿಲ್ಲ, ಬರೀ ಗೆರೆಗಳು. 300ರಿಂದ ಮೇಲೆ ಅಂಕಿ ಇದೆ. ಕಲಿಯುವವರಿಗೆ ಅಂಕಿ ಇರುವುದೇ ಅನುಕೂಲ. ಏಸ್‌ನ ಕಾಯಿಲ್ ಮಾತ್ರ ನೀರಿಗೆ ಇಳಿಯಬಹುದು, ಮೇಲಿನ ಡಬ್ಬಿ ನೆನೆಯಬಾರದು. ನಮ್ಮ ಮಳೆಗಾಲಕ್ಕೆ ಇದು ಸಣ್ಣ ಮಾತಲ್ಲ. ಸಿಂಪ್ಲೆಕ್ಸ್ ಇಡಿಯಾಗಿ ನೀರೊಳಗೆ ಮುಳುಗಿಸಬಹುದಾದ ಮೆಷಿನ್, ಹೊಳೆ ಕೆರೆ ಅಂಚಿನವರಿಗೆ ಅದು ಒಳ್ಳೆಯದು. ಆದರೆ ಕರಾವಳಿಯವರು ಇನ್ನೊಂದು ವಿಷಯ ನೋಡಬೇಕು. ಉಪ್ಪುನೀರು ಕುಡಿದ ಮರಳಿನಲ್ಲಿ ವಿದ್ಯುತ್ತು ಹರಿಯುತ್ತದೆ. ಒಂದೇ ಕಂಪನಾಂಕದಲ್ಲಿ (ಫ್ರೀಕ್ವೆನ್ಸಿ) ಕೆಲಸ ಮಾಡುವ ಏಸ್, ಸಿಂಪ್ಲೆಕ್ಸ್‌ಗಳು ಅಲ್ಲಿ ಸುಮ್ಮಸುಮ್ಮನೆ ಕೂಗುತ್ತವೆ. ವ್ಯಾಂಕ್ವಿಶ್ ಏಕಕಾಲಕ್ಕೆ ಹಲವು ಕಂಪನಾಂಕ ಕಳಿಸುತ್ತದೆ, ಹಾಗಾಗಿ ಒದ್ದೆ ಮರಳಿನಲ್ಲಿ ಬಹಳ ಸಮಾಧಾನ. ಮಲ್ಪೆ, ಮುರುಡೇಶ್ವರ, ಗೋಕರ್ಣದ ದಂಡೆಯೇ ನಿಮ್ಮ ಕ್ಷೇತ್ರವಾದರೆ ನಾನು ಹೇಳುವುದು ಇದನ್ನೇ. ಡಬ್ಬಿಯನ್ನು ಮಾತ್ರ ಅಲೆಗೆ ಒಡ್ಡಬೇಡಿ.

ಬೆಲೆ ಹೊರದೇಶದಲ್ಲಿ ಸುಮಾರು 200ರಿಂದ 300 ಡಾಲರ್‌ಗೆ ಶುರು. ಇಲ್ಲಿಗೆ ಬರುವಷ್ಟರಲ್ಲಿ ಸುಂಕ, ಸಾಗಣೆ ಸೇರಿ ಏರುತ್ತದೆ. ವಾರಂಟಿ ಯಾರು ಕೊಡುತ್ತಾರೆ, ಕೇಬಲ್ ಹೋದರೆ ಬಿಡಿಭಾಗ ಎಲ್ಲಿ ಎಂದು ಮಾರುವವರನ್ನು ದುಡ್ಡು ಕೊಡುವ ಮುನ್ನವೇ ಕೇಳಿ.

ಕಾಯಿಲ್ ದೊಡ್ಡದಿದ್ದಷ್ಟೂ ಆಳಕ್ಕೆ ಒಳ್ಳೆಯದು ಎನ್ನುವುದು ಅರ್ಧ ಸತ್ಯ. ಕಸ ಹೆಚ್ಚಿರುವ ಅಂಗಳದಲ್ಲಿ ದೊಡ್ಡ ತಟ್ಟೆಯಡಿ ಒಂದೇ ಸಲಕ್ಕೆ ನಾಲ್ಕು ಮೊಳೆ ಬಂದು, ನಡುವಿನ ಉಂಗುರದ ದನಿ ಮುಚ್ಚಿಹೋಗುತ್ತದೆ. ಮೆಷಿನ್ ಜೊತೆ ಬಂದ ಕಾಯಿಲ್ಲಿನಲ್ಲೇ ಒಂದು ವರ್ಷ ಕಳೆಯಿರಿ.

ಈಗ ಕೊಳ್ಳಬಾರದವು. ಎರಡು ಏರಿಯಲ್ ಕಡ್ಡಿ ಚಾಚಿಕೊಂಡ, 'ಲಾಂಗ್ ರೇಂಜ್' ಎಂದು ಮಾರುವ, ಚಿನ್ನ ಎಂದು ಒತ್ತಿದರೆ ಅರ್ಧ ಕಿಲೋಮೀಟರ್ ದೂರದಿಂದ ದಿಕ್ಕು ತೋರಿಸುತ್ತದೆ ಎನ್ನುವ ಪೆಟ್ಟಿಗೆಗಳು. ತೆಂಗಿನಕಾಯಿ ಹಿಡಿದು ನೀರು ನೋಡುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ, ತೆಂಗಿನಕಾಯಿ ಅಗ್ಗ. ಗಾಲ್ಫ್ ಚೆಂಡು ಹುಡುಕುವ ಆಟಿಕೆಯಂಥದ್ದನ್ನೇ ಎಡಿಇ 651 ಎಂಬ ಹೆಸರಿನಲ್ಲಿ ಬಾಂಬ್ ಪತ್ತೆಯಂತ್ರವೆಂದು ಇರಾಕಿಗೆ ಮಾರಿದವನಿಗೆ 2013ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ 10 ವರ್ಷ ಜೈಲು ವಿಧಿಸಿತು. ಅದೇ ಬಗೆಯ ಕಡ್ಡಿಗಳು ಇಂದಿಗೂ ನಿಧಿಯ ಹೆಸರಲ್ಲಿ ಲಕ್ಷಗಳಿಗೆ ಮಾರಾಟವಾಗುತ್ತಿವೆ.

4. ಜೊತೆಗೆ ಬೇಕಾದ ಸಾಮಾನು

ಪಿನ್‌ಪಾಯಿಂಟರ್ ಎಂದರೆ ಟಾರ್ಚಿನ ಗಾತ್ರದ ಪುಟ್ಟ ಡಿಟೆಕ್ಟರ್. ಗುಂಡಿಯೊಳಗೆ ಚುಚ್ಚಿ ವಸ್ತು ಎಡಕ್ಕಿದೆಯೋ ಬಲಕ್ಕಿದೆಯೋ ನೋಡಲಿಕ್ಕೆ. ಬಜೆಟ್ ಬಿಗಿಯಾಗಿದ್ದರೆ ಡಿಟೆಕ್ಟರಿನಲ್ಲಿ ಒಂದು ಮಾಡೆಲ್ ಕೆಳಗಿಳಿದಾದರೂ ಇದನ್ನು ಕೊಳ್ಳಿ. ಹೆಡ್‌ಫೋನ್ ಬೇಕು. ಮಣ್ಣಿಗೆ ಚೂಪಾದ ಕೈಸಲಿಕೆ, ಮರಳಿಗೆ ಪ್ಲಾಸ್ಟಿಕ್ ಜರಡಿ. ಜರಡಿ ಪ್ಲಾಸ್ಟಿಕ್ಕಿನದೇ ಇರಲಿ, ಆಗ ಅದರೊಳಗಿನ ಮರಳನ್ನು ಹಾಗೇ ಕಾಯಿಲ್ ಮುಂದೆ ಆಡಿಸಿ ನೋಡಬಹುದು. ಕಸಕ್ಕೆ ಒಂದು ಚೀಲ, ತಂತಿ ಗಾಜಿನ ಚೂರುಗಳಿಗೆ ದಪ್ಪ ಕೈಗವಸು.

5. ಹೊರಗೆ ಹೋಗುವ ಮುನ್ನ ಮನೆಯಂಗಳದಲ್ಲಿ ಪಾಠ

ಹೆಚ್ಚಿನವರು ಹಾರಿಸಿಬಿಡುವ ಹಂತ ಇದು. ನನ್ನ ಪ್ರಕಾರ ಇಡೀ ಹವ್ಯಾಸ ನಿಂತಿರುವುದೇ ಇದರ ಮೇಲೆ. ಕಾರಣ, ಈ ಮೆಷಿನ್ನುಗಳ ಕೈಪಿಡಿ, ವಿಡಿಯೋಗಳೆಲ್ಲ ಇಂಗ್ಲೆಂಡ್ ಅಮೆರಿಕದ ನಾಣ್ಯ ಇಟ್ಟುಕೊಂಡು ಮಾಡಿದವು. ನಮ್ಮ ನಾಣ್ಯಗಳ ಜಾತಿಯೇ ಬೇರೆ.

ಮನೆಯಲ್ಲಿರುವ ಚಿಲ್ಲರೆ ತಂದು ಮರದ ಮಣೆಯ ಮೇಲೆ ಒಂದೊಂದಾಗಿ ಇಡಿ. ಪಕ್ಕದಲ್ಲಿ ಫ್ರಿಜ್‌ಗೆ ಅಂಟಿಸುವ ಒಂದು ಅಯಸ್ಕಾಂತ ಇರಲಿ. ಈಗ ಓಡಾಡುತ್ತಿರುವ ಒಂದು, ಎರಡು ರೂಪಾಯಿ ನಾಣ್ಯ ಅಯಸ್ಕಾಂತಕ್ಕೆ ಟಪ್ಪೆಂದು ಅಂಟಿಕೊಳ್ಳುತ್ತವೆ. ಅವು ಸ್ಟೇನ್‌ಲೆಸ್ ಸ್ಟೀಲ್, ಅಂದರೆ ಬಹುಪಾಲು ಕಬ್ಬಿಣ. ಅವುಗಳ ಮೇಲೆ ಕಾಯಿಲ್ ಆಡಿಸಿದರೆ ಕೆಲವು ಮೆಷಿನ್ ಕಬ್ಬಿಣದ ಗೊರಗೊರ ದನಿ ಕೊಡುತ್ತವೆ, ಕೆಲವದರಲ್ಲಿ ಅಂಕಿ ನಿಲ್ಲದೆ ಹಾರಾಡುತ್ತದೆ. 'ಕಬ್ಬಿಣ ಬೇಡ' ಎನ್ನುವ ಗುಂಡಿ ಒತ್ತಿ ಹುಡುಕಿದವನಿಗೆ ಜಾತ್ರೆ ಗದ್ದೆಯ ತುಂಬ ಬಿದ್ದ ಚಿಲ್ಲರೆ ಕೇಳಿಸದೇ ಹೋಗುವುದು ಹೀಗೆ.

ಹಳದಿ ಬಣ್ಣದ ಐದು ರೂಪಾಯಿ ಅಂಟುವುದಿಲ್ಲ, ಸ್ಪಷ್ಟ ಅಂಕಿ ಕೊಡುತ್ತದೆ. ಎರಡು ಬಣ್ಣದ ಹತ್ತು ರೂಪಾಯಿಯೂ ಹಾಗೆ. ದಪ್ಪನೆಯ ಹಳೇ ಐದು ರೂಪಾಯಿ ಮತ್ತು 1990ರ ದಶಕದ ಹನ್ನೊಂದು ಮೂಲೆಯ ಎರಡು ರೂಪಾಯಿ ತಾಮ್ರ ನಿಕ್ಕಲ್ ಮಿಶ್ರಣ. ಅಜ್ಜಿಯ ಡಬ್ಬಿಯಲ್ಲಿ ಹತ್ತು ಪೈಸೆ, ಇಪ್ಪತ್ತು ಪೈಸೆಯ ಹಗುರ ಅಲ್ಯೂಮಿನಿಯಂ ನಾಣ್ಯ ಇದ್ದರೆ ಅವನ್ನೂ ಇಡಿ. ಐದನೇ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿ ಇದ್ದರಂತೂ ತಪ್ಪಿಸಬೇಡಿ. 11.66 ಗ್ರಾಂ ತೂಕ, ನೂರಕ್ಕೆ 91.7 ಪಾಲು ಬೆಳ್ಳಿ, ಅಂಕಿ ತುತ್ತತುದಿಗೆ ಏರಿ ದನಿ ಗಂಟೆಯಂತೆ ಬರುತ್ತದೆ. ಆ ದನಿ ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಆಮೇಲೆ ಒಡವೆ. ಬೆಳ್ಳಿ ಕಾಲುಂಗುರ, ಚಿನ್ನದ ಉಂಗುರ ಇಟ್ಟು ನೋಡಿ. ಉಂಗುರದ ಕೊಂಡಿ ಕತ್ತರಿಸಿದ್ದರೆ ಅಂಕಿ ಪೂರಾ ಬೇರೆ ಬರುತ್ತದೆ, ಸುಳಿ ತಿರುಗಲು ಸುತ್ತು ಇಲ್ಲವಲ್ಲ. ಇನ್ನು ಸರ. ಎರಡೆಳೆ ಚಿನ್ನದ ಸರ ಅಷ್ಟುದ್ದ ಇದ್ದರೂ ಮೆಷಿನ್ ಅದನ್ನು ಒಂದು ವಸ್ತುವಾಗಿ ಕಾಣುವುದಿಲ್ಲ. ಒಂದೊಂದು ಕೊಂಡಿಯನ್ನೂ ಬೇರೆ ಬೇರೆ ಚೂರಾಗಿ ನೋಡುತ್ತದೆ, ಆ ಚೂರುಗಳು ಕಿವಿಗೆ ಬೀಳದಷ್ಟು ಚಿಕ್ಕವು. ಸರ ಕಳೆದಾಗ ಹುಡುಕಬೇಕಾದ್ದು ತಾಳಿ ಬಿಲ್ಲೆಯ ಅಥವಾ ಕೊಕ್ಕೆಯ ದನಿಯನ್ನು. ಮೂಗುಬೊಟ್ಟು ಇನ್ನೂ ಕಷ್ಟ, ಕಾಯಿಲ್ ಕೆಳಗೆ ಎರಡು ಬೆರಳು ಅಂತರದಲ್ಲಿದ್ದರಷ್ಟೇ ಆಸೆ.

ಕೊನೆಗೆ ಕಸದ ಸರದಿ. ಸೋಡಾ ಬಾಟಲಿಯ ಮುಚ್ಚಳ, ಮಾತ್ರೆ ಪಟ್ಟಿ, ಬೀರ್ ಕ್ಯಾನಿನ ಕಿವಿ, ಎರಡಿಂಚು ಮೊಳೆ, ಎತ್ತಿನ ಲಾಳ. ಎಲ್ಲದರ ಅಂಕಿಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಂತರ ಇವನ್ನೇ ನಾಲ್ಕು, ಎಂಟು, ಹನ್ನೆರಡು, ಹದಿನಾರು ಸೆಂಟಿಮೀಟರ್ ಆಳದಲ್ಲಿ ಅಂಗಳದ ಮೂಲೆಯಲ್ಲಿ ಹೂತು, ಗೂಟಕ್ಕೆ ಗುರುತು ಬರೆದು ದಿನಕ್ಕೆ ಕಾಲು ಗಂಟೆ ಕೇಳಿ. ಎರಡು ವಾರದಲ್ಲಿ ಪರದೆ ನೋಡುವುದು ತಾನಾಗಿ ಕಡಿಮೆಯಾಗುತ್ತದೆ. ಒಡವೆಯನ್ನು ಹೂಳುವಾಗ ಮನೆಯವರಿಗೆ ಹೇಳಿರಿ.

6. ಜಾಗಕ್ಕೆ ಹೋದ ಮೇಲೆ ಮೊದಲ ಐದು ನಿಮಿಷ

ಜೇಬಿನ ಕೀಲಿಗೊಂಚಲು, ಕೈಯ ಕಡಗ, ಮೊಬೈಲ್ ಪಕ್ಕಕ್ಕಿಡಿ. ಮೊದಲ ತಿಂಗಳು ನಾನು ಸ್ಟೀಲ್ ತುದಿಯ ಸೇಫ್ಟಿ ಶೂ ಹಾಕಿಕೊಂಡು, ಪ್ರತಿ ಹೆಜ್ಜೆಗೂ ಕೂಗುವ ಮೆಷಿನ್ನನ್ನು ಬೈಯುತ್ತಿದ್ದೆ. ಈ ತಪ್ಪಿಗೆ ದೊಡ್ಡ ಇತಿಹಾಸವಿದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಮೈಯೊಳಗಿನ ಗುಂಡು ಹುಡುಕಲು ಟೆಲಿಫೋನ್ ಖ್ಯಾತಿಯ ಗ್ರಹಾಂ ಬೆಲ್ ತಾನೇ ಮಾಡಿದ ಇಂಥ ಉಪಕರಣ ತಂದಿದ್ದ. ಗುಂಡು ಸಿಗಲಿಲ್ಲ. ಹಾಸಿಗೆಯಡಿಯ ಉಕ್ಕಿನ ಸ್ಪ್ರಿಂಗುಗಳು ದಾರಿ ತಪ್ಪಿಸಿದವು, ವೈದ್ಯರು ದೇಹದ ಒಂದೇ ಬದಿ ನೋಡಲು ಬಿಟ್ಟರು.

ಈಗ ಗ್ರೌಂಡ್ ಬ್ಯಾಲೆನ್ಸ್, ಎಂದರೆ ಮಣ್ಣಿನೊಳಗಿನ ಕಬ್ಬಿಣದ ಅಂಶಕ್ಕೆ ಕಿವುಡಾಗುವಂತೆ ಮೆಷಿನ್ನಿಗೆ ಹೇಳಿಕೊಡುವುದು. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ನೆಲದಲ್ಲಿ ಕೆಂಪು ಬಣ್ಣವೇ ಕಬ್ಬಿಣದ್ದು. ಅಲ್ಲಿ ಇದನ್ನು ಮಾಡದಿದ್ದರೆ ಆಳ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಲೋಹ ಇಲ್ಲದ ಒಂದು ಮೊಳ ಜಾಗ ನೋಡಿ, ಗುಂಡಿ ಒತ್ತಿ ಹಿಡಿದು ಕಾಯಿಲನ್ನು ಒಂದು ಅಡಿ ಎತ್ತರದಿಂದ ನೆಲದ ಹತ್ತಿರಕ್ಕೆ ಮೇಲೆ ಕೆಳಗೆ ಆಡಿಸಿ. ದನಿ ಏರಿಳಿಯದೆ ಸಮವಾದರೆ ಆಯಿತು. ಸಿಂಪ್ಲೆಕ್ಸ್‌ನಲ್ಲಿ ಈ ಸೌಲಭ್ಯ ಇದೆ. ಏಸ್ 200, 300, 400, ವ್ಯಾಂಕ್ವಿಶ್‌ಗಳಲ್ಲಿ ಕೈಯಿಂದ ಹೊಂದಿಸಲು ಬರುವುದಿಲ್ಲ. ಕೆಂಪು ಮಣ್ಣಿನವರು ಕೊಳ್ಳುವಾಗಲೇ ಇದನ್ನು ನೆನಪಿಡಬೇಕು. ಎರೆಭೂಮಿಯವರ ಪಾಡು ಬೇರೆ. ಬೇಸಿಗೆಯ ಬಿರುಕಿನಲ್ಲಿ ಬಿದ್ದ ನಾಣ್ಯ ಸೀದಾ ಪಾತಾಳಕ್ಕೆ ಜಾರಿರುತ್ತದೆ.

ಸೆನ್ಸಿಟಿವಿಟಿ, ಅಂದರೆ ಮೆಷಿನ್ನಿನ ಕಿವಿಯ ಚುರುಕು, ತುದಿಗೇರಿಸಬೇಡಿ. ಎರಡು ಗೆರೆ ಕೆಳಗಿಡಿ. ಪಂಪ್‌ಸೆಟ್, ಟ್ರಾನ್ಸ್‌ಫಾರ್ಮರ್, ಹೈಟೆನ್ಷನ್ ತಂತಿಯ ಕೆಳಗೆ ಇನ್ನೂ ಇಳಿಸಬೇಕಾಗುತ್ತದೆ. ಸೆಕೆಂಡಿಗೊಮ್ಮೆ ಟಿಕ್ ಟಿಕ್ ಎಂದು ತಪ್ಪದೆ ಬರುತ್ತಿದ್ದರೆ ಅದು ಲೋಹವಲ್ಲ, ಹಂದಿ ಬಾರದಿರಲೆಂದು ಹಾಕಿದ ಐಬೆಕ್ಸ್ ಎಂಬ ವಿದ್ಯುತ್ ಬೇಲಿ. ಹಾಗೆಯೇ ನೆಲದಡಿ ಕರೆಂಟ್ ಕೇಬಲ್ ಹೋಗಿದೆಯೇ ಎಂದು ಮನೆಯವರನ್ನು ಕೇಳದೆ ಸಲಿಕೆ ಹಾಕಬೇಡಿ.

7. ಬೀಸುವ ಬಗೆ

ಗಡಿಯಾರದ ಲೋಲಕದಂತೆ ಬೀಸಬೇಡಿ, ಎರಡೂ ತುದಿಯಲ್ಲಿ ಕಾಯಿಲ್ ಮೇಲೇಳುತ್ತದೆ. ಇಸ್ತ್ರಿಪೆಟ್ಟಿಗೆಯಂತೆ ಆಡಿಸಿ, ಬಟ್ಟೆಗೆ ತಾಗದಷ್ಟು ಮೇಲೆ. ನೆಲದಿಂದ ಎರಡು ಮೂರು ಸೆಂಟಿಮೀಟರ್. ಗೇಣು ಆಳದ ಮೆಷಿನ್ನಿನಲ್ಲಿ ನಾಲ್ಕು ಬೆರಳು ಎತ್ತಿ ಹಿಡಿದರೆ ಉಳಿಯುವುದೇನು? ಹಿಂದಿನ ಬೀಸಿನ ಅರ್ಧ ಜಾಗ ಮುಂದಿನ ಬೀಸಿನಲ್ಲಿ ಮತ್ತೆ ಬರಬೇಕು. ಅವಸರವೇ ಬೇಡ.

ಕಳೆದ ವಸ್ತು ಹುಡುಕುವಾಗ ಹಗ್ಗ ಕಟ್ಟಿ ಜಾಗವನ್ನು ಪಟ್ಟೆಗಳಾಗಿ ಮಾಡಿಕೊಳ್ಳಿ. ಪಕ್ಕದ ಮನೆಯ ಅಕ್ಕ ತನ್ನ ಕಾಲುಂಗುರ ಬಾವಿಕಟ್ಟೆಯ ಹತ್ತಿರವೇ ಬಿದ್ದಿದ್ದೆಂದು ಆಣೆ ಮಾಡಿ ಹೇಳಿದ್ದರು. ಹಗ್ಗ ಕಟ್ಟಿದ ಏಳನೇ ಪಟ್ಟೆಯಲ್ಲಿ, ಬಾವಿಯಿಂದ ಹತ್ತು ಹೆಜ್ಜೆ ಆಚೆ, ಸಗಣಿ ಗೊಬ್ಬರದ ರಾಶಿಯ ಅಂಚಿನಲ್ಲಿ ಸಿಕ್ಕಿತು. ಕಳೆದುಕೊಂಡವರ ನೆನಪಿಗಿಂತ ಹಗ್ಗವನ್ನು ನಂಬಿ.

ದನಿ ಬಂದ ಜಾಗವನ್ನು ಒಮ್ಮೆ ಉತ್ತರ ದಕ್ಷಿಣವಾಗಿ, ಒಮ್ಮೆ ಪೂರ್ವ ಪಶ್ಚಿಮವಾಗಿ ಬೀಸಿ ನೋಡಿ. ಎರಡೂ ಕಡೆಯಿಂದ ಒಂದೇ ಅಂಕಿ ಬಂದರೆ ಅಗೆಯಿರಿ. ಒಂದು ಕಡೆ ಗಂಟೆ, ಇನ್ನೊಂದು ಕಡೆ ಗೊರಗೊರ ಎಂದರೆ ಹೆಚ್ಚಾಗಿ ಬಾಗಿದ ಮೊಳೆ. ಮೊದಲ ಐವತ್ತು ಸಲ ಅದನ್ನೂ ಅಗೆದು ನೋಡಿ. ಕಿವಿ ಪಳಗುವುದು ತಪ್ಪಿದಾಗಲೇ.

8. ಅಗೆಯುವುದು, ಮುಚ್ಚುವುದು

ಎರಡು ಬೀಸುಗಳು ಕತ್ತರಿಸುವ ಬಿಂದುವೇ ಗುರಿ. ಅದರ ಮೇಲೆಯೇ ಸಲಿಕೆ ಕುತ್ತಬೇಡಿ, ನಾಣ್ಯದ ಮುಖಕ್ಕೆ ಗೀರು ಬೀಳುತ್ತದೆ. ಸುತ್ತ ಒಂದು ಗೇಣು ಅಗಲಕ್ಕೆ ಮೂರು ಬದಿ ಕತ್ತರಿಸಿ, ಹುಲ್ಲಿನ ಹೆಂಟೆಯನ್ನು ಮುಚ್ಚಳದಂತೆ ಮಗುಚಿ. ಮಣ್ಣನ್ನು ಗೋಣಿಚೀಲದ ಮೇಲೆ ಹಾಕಿ. ಪಿನ್‌ಪಾಯಿಂಟರ್‌ನಿಂದ ಮೊದಲು ಗುಂಡಿ, ಆಮೇಲೆ ಹೆಂಟೆ, ಆಮೇಲೆ ಚೀಲದ ಮಣ್ಣು ನೋಡಿ. ಸಿಕ್ಕಿದ ಮೇಲೂ ಗುಂಡಿಯನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ, ಜೋಡಿಯಾಗಿ ಬಿದ್ದವು ಇರುತ್ತವೆ. ನಂತರ ಮಣ್ಣು ಸುರಿದು, ಹೆಂಟೆ ಮುಚ್ಚಿ, ಕಾಲಿನಿಂದ ತುಳಿಯಿರಿ. ಮುಚ್ಚದೆ ಬಿಟ್ಟ ಗುಂಡಿಯಲ್ಲಿ ದನದ ಕಾಲು ಉಳುಕಿದರೆ ಆ ಊರಿನಲ್ಲಿ ಮುಂದೆ ಯಾರಿಗೂ ಒಪ್ಪಿಗೆ ಸಿಗುವುದಿಲ್ಲ. ಕಸವನ್ನೂ ಹೊತ್ತು ತನ್ನಿ.

ಗುಂಡು, ಶೆಲ್‌ನಂತೆ ಕಾಣುವುದು ಬಂದರೆ ಕೈ ಹಚ್ಚದೆ ದೂರ ಸರಿದು 112ಕ್ಕೆ ಕರೆ ಮಾಡಿ.

9. ಕಡಲ ದಂಡೆಗೆ ಹೋಗುವವರಿಗೆ

ಇಳಿತದ ವೇಳೆ ನೋಡಿ ಹೋಗಿ, ಭರತ ಶುರುವಾಗುವ ಮೊದಲು ಮರಳಿ. ಜನ ಟವೆಲ್ ಹಾಸುವ, ವಾಲಿಬಾಲ್ ಆಡುವ ಒಣ ಮರಳು ಕಲಿಯಲು ಒಳ್ಳೆಯ ಜಾಗ. ಮಳೆಗಾಲ ಮುಗಿದ ಹೊಸದರಲ್ಲಿ ಕಡಲು ಮರಳು ಕೊರೆದೊಯ್ದ ಕಡೆ ಭಾರದ ವಸ್ತುಗಳು ಉಳಿದುಕೊಂಡಿರುತ್ತವೆ. ಚಳಿಗಾಲದಿಂದ ಬೇಸಿಗೆಯವರೆಗೆ ಹೊನ್ನಾವರದ ಟೊಂಕ, ಕಾರವಾರದ ಕಡೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬಲೆ ಕಟ್ಟಿ ಗುರುತು ಮಾಡಿದ ಗೂಡಿನ ಹತ್ತಿರ ಸುಳಿಯಲೇಬೇಡಿ. ಮನೆಗೆ ಬಂದ ಮೇಲೆ ಕಾಯಿಲ್, ಕೋಲು, ಜರಡಿಯನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಎಎ ಸೆಲ್ ಹಾಕುವ ಮೆಷಿನ್ ಆದರೆ ಸೆಲ್ ಹೊರತೆಗೆದಿಡಿ.

ಹೆಸರು ಬರೆದ, ಗುರುತು ಹಿಡಿಯಬಹುದಾದ ಉಂಗುರ ಸಿಕ್ಕಿದರೆ ಅದು ಸಿಕ್ಕಿದವನದ್ದಲ್ಲ. ಠಾಣೆಗೆ ಕೊಟ್ಟು ರಸೀದಿ ಪಡೆಯಿರಿ.

10. ಹೊರದೇಶದಲ್ಲಿರುವ ಕನ್ನಡಿಗರಿಗೆ

ನಿಮ್ಮ ಕೈಯಲ್ಲಿ ಮೆಷಿನ್ ಸುಲಭಕ್ಕೆ ಸಿಗುತ್ತದೆ, ಕಾನೂನು ಮಾತ್ರ ದೇಶಕ್ಕೊಂದು. ಇಂಗ್ಲೆಂಡ್, ವೇಲ್ಸ್‌ನಲ್ಲಿ ಜಮೀನಿನವರ ಒಪ್ಪಿಗೆ ಬೇಕು, ನಿಧಿ ಎನಿಸಿದ್ದನ್ನು 1996ರ ಕಾಯ್ದೆಯಂತೆ 14 ದಿನದೊಳಗೆ ತಿಳಿಸಬೇಕು. ಉಳಿದ ಹಳೆಯ ವಸ್ತುಗಳನ್ನು ದಾಖಲಿಸುವ ವ್ಯವಸ್ಥೆ ಅಲ್ಲಿ ಜಿಲ್ಲೆ ಜಿಲ್ಲೆಗೂ ಇದೆ, ನಮ್ಮಲ್ಲಿ ಅದಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿದೆ. ಸ್ಕಾಟ್ಲೆಂಡಿನ ನಿಯಮ ಬೇರೆ, ಐರ್ಲೆಂಡಿನದು ಇನ್ನೂ ಬಿಗಿ. ಅಮೆರಿಕದ ನ್ಯಾಷನಲ್ ಪಾರ್ಕುಗಳಲ್ಲಿ ನಿಷೇಧ. ಮೆಲ್ಬರ್ನ್ ಕಡೆಯವರು ಚಿನ್ನದ ಗಟ್ಟಿ ಹುಡುಕಲು ಹೋಗುವುದಾದರೆ ಮೈನರ್ಸ್ ರೈಟ್ ಎಂಬ ಪರವಾನಗಿ ಮಾಡಿಸಿಕೊಳ್ಳಿ. ವಿಕ್ಟೋರಿಯಾದ ಕಿಂಗೋವರ್ ಬಳಿ 1980ರಲ್ಲಿ 27 ಕಿಲೋ ಮೀರಿದ ಗಟ್ಟಿ ಸಿಕ್ಕಿದ್ದು ಡಿಟೆಕ್ಟರಿನಿಂದಲೇ. ಅದು ಗಣಿ ಸೀಮೆ. ಆ ವಿಡಿಯೋ ನೋಡಿ ನಮ್ಮ ಹಿತ್ತಲಿಗೆ ಲೆಕ್ಕ ಹಾಕಬೇಡಿ.

11. ಮನೆಗೆ ತಂದ ಮೇಲೆ

ನಾಣ್ಯ ಸಿಕ್ಕಿದ ಖುಷಿಗೆ ಜನ ಮೊದಲು ಮಾಡುವುದೇ ಹುಣಸೆಹಣ್ಣು, ಬೂದಿ ಹಾಕಿ ಉಜ್ಜುವುದು. ತಾಮ್ರದ ನಾಣ್ಯದ ಮೇಲಿನ ಹಸಿರು ಕಂದು ಪದರ ಕೊಳೆಯಲ್ಲ, ಅದು ಅಕ್ಷರಗಳನ್ನು ಕಾಯುತ್ತಿರುವ ಚರ್ಮ. ಉಜ್ಜಿದರೆ ಇಸವಿಯೂ ಜೊತೆಗೇ ಹೋಗುತ್ತದೆ. ಇಂದಿನ ಚಿಲ್ಲರೆಯನ್ನು ಬೇಕಾದರೆ ಸೋಪಿನ ನೀರಿನಲ್ಲಿ ತೊಳೆಯಿರಿ. ಹಳೆಯದರ ಅನುಮಾನ ಇದ್ದರೆ ಮಣ್ಣಿನ ಸಮೇತ ಕಾಗದದಲ್ಲಿ ಸುತ್ತಿ, ಮೇಲೆ ತಾರೀಕು, ಜಾಗ, ಆಳ ಬರೆದು ಹಾಗೇ ಇಡಿ. ಜಿಲ್ಲಾಧಿಕಾರಿಗೆ ಬರೆಯುವ ಕಾಗದಕ್ಕೂ ಆ ಮೂರು ವಿವರಗಳೇ ಬೇಕಾಗುತ್ತವೆ.